ನಾಲ್ಕಾಣೆ ಭಾರ

ಜರ್ಮನಿಯಲ್ಲಿ ಭಾನುವಾರ ಅಂದ್ರೆ ಅಂಗಡಿಗಳೆಲ್ಲ ಬಂದ್. ಗೋಡೆ ಕೊರೆಯೋ ಹಾಗಿಲ್ಲ, ಗದ್ದಲ ಮಾಡೋ ಹಾಗಿಲ್ಲ. ಸದ್ದಿಲ್ಲದ ಕೆಲಸ ಅಂತ ಮೊನ್ನೆ ನನ್ನ ರೆಕಾರ್ಡ್ ಪ್ಲೇಯರ್‌ಗೆ ಹೊಸ ಕಾರ್ಟ್ರಿಡ್ಜ್ ಹಾಕೋಕೆ ಕೂತೆ. ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆ. ಮುಗಿಯೋ ಹೊತ್ತಿಗೆ ಕುಕ್ಕರಿನ ಅನ್ನ ತಣ್ಣಗಾಗಿತ್ತು.

ಪ್ಲೇಯರ್ ಒಂದು ಹಳೇ ಡ್ಯುಯಲ್. ಇಲ್ಲಿ ಹ್ಯಾನೋವರ್‌ನಲ್ಲಿ ಶನಿವಾರ ಲೈನೆ ನದಿ ದಂಡೆ ಮೇಲೆ ನಡೆಯೋ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿದ್ದು. ಗ್ರಾಮಾಫೋನ್ ಕಂಡುಹಿಡಿದ ಎಮಿಲ್ ಬರ್ಲಿನರ್ 1851ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದ್ದು ಪ್ಲೇಟಾಗಿದ್ದೂ ಇಲ್ಲೇ. ಆಗ ನಮ್ಮಲ್ಲಿ ಕಾರ್ಖಾನೆ ಇರಲಿಲ್ಲ, ಇಲ್ಲಿ ಒತ್ತಿಸಿ ಹಡಗಿನಲ್ಲಿ ವಾಪಸ್ ಕಳಿಸ್ತಿದ್ರು. ಈಗ ನಾನು ಶಿವಮೊಗ್ಗದಿಂದ ಅಪ್ಪನ ರಾಜ್‌ಕುಮಾರ್ ಎಲ್.ಪಿ.ಯನ್ನು ಸೂಟ್‌ಕೇಸಲ್ಲಿ ಬಟ್ಟೆಗಳ ನಡುವೆ ಇಟ್ಟು ಇಲ್ಲಿಗೆ ತಂದಿದೀನಿ.

ಹೊಸ ಕಾರ್ಟ್ರಿಡ್ಜ್ ಆರ್ಟೊಫೋನ್ 2ಎಂ ರೆಡ್. ಹಿಂದೆ ನಾಲ್ಕು ತಂತಿ: ಕೆಂಪು, ಹಸಿರು ಬಲಕ್ಕೆ, ಬಿಳಿ, ನೀಲಿ ಎಡಕ್ಕೆ. ಕೂದಲೆಳೆಯಂಥ ತಂತಿ, ಕೈ ನಡುಗಿದ್ರೆ ಕಿತ್ತೇ ಬರುತ್ತೆ. ಹೇಗೋ ಸಿಕ್ಕಿಸಿ, ಸ್ಕ್ರೂ ಬಿಗಿದು, ಆಸೆ ತಡೀದೆ ನೇರ ಅಪ್ಪನ ರೆಕಾರ್ಡನ್ನೇ ಹಾಕಿದೆ. ಎರಡನೇ ಬದಿ, ಕೊನೇ ಹಾಡು. ಮುಳ್ಳು ಪಟ್ ಅಂತ ಹಾರಿತು. ಎತ್ತಿ ಇಟ್ಟೆ, ಮತ್ತೆ ಹಾರಿತು.

ಆಗ ನನ್ನ ಕೈ ಎಲ್ಲಿಗೆ ಹೋಯ್ತು ಗೊತ್ತಾ? ರೆಕಾರ್ಡಿನ ಕವರ್ ಒಳಗಿದ್ದ ನಾಲ್ಕಾಣೆಗೆ! ಅಪ್ಪನ ಸೂಟ್‌ಕೇಸ್ ಪ್ಲೇಯರಿನಲ್ಲೂ ಇದೇ ಹಾಡು ಹಾರ್ತಿತ್ತು. ಅಪ್ಪ ಟೋನ್‌ಆರ್ಮ್, ಅಂದ್ರೆ ಮುಳ್ಳು ಹಿಡಿದಿರೋ ಆ ಉದ್ದನೆ ಕೈ, ಅದರ ತುದಿ ಮೇಲೆ ಈ ನಾಲ್ಕಾಣೆ ಇಡ್ತಿದ್ರು. ಹಾಡು ಸರಾಗ. 2011ರಲ್ಲಿ ನಾಲ್ಕಾಣೆ ಚಲಾವಣೆಯಿಂದ ಹೋಯ್ತು, ಈ ಒಂದು ಮಾತ್ರ ಕವರಿನಲ್ಲೇ ಉಳಿದಿತ್ತು.

ಇಡೋಕೆ ಮುಂಚೆ ಯಾಕೋ ಹೊಸ ಪುಟಾಣಿ ತಕ್ಕಡಿ ಮೇಲೆ ತೂಗಿ ನೋಡಿದೆ. ಎರಡೂವರೆ ಗ್ರಾಂ. 2ಎಂ ರೆಡ್‌ನ ಮುಳ್ಳು ರೆಕಾರ್ಡನ್ನು ಒತ್ತಬೇಕಾದ್ದು ಒಟ್ಟು 1.8 ಗ್ರಾಂ! ನಾಣ್ಯ ಕೆಳಗಿಟ್ಟೆ.

ತಪ್ಪು ಕಾರ್ಟ್ರಿಡ್ಜಿನದಲ್ಲ, ನಂದು. ಟೋನ್‌ಆರ್ಮ್ ಅನ್ನೋದು ತಕ್ಕಡಿ ಇದ್ದ ಹಾಗೆ. ಹೊಸದು ಹಳೆಯದಕ್ಕಿಂತ ಒಂದು ಗ್ರಾಮಿನಷ್ಟು ಹಗುರ. ಹಿಂದಿನ ತೂಕ ಹಾಗೇ ಬಿಟ್ಟಿದ್ದರಿಂದ ಮುಳ್ಳಿನ ಮೇಲೆ ಒಂದು ಗ್ರಾಮೂ ಉಳಿದಿರಲಿಲ್ಲ. ಭಾರ ಜಾಸ್ತಿಯಾದ್ರೆ ಗೆರೆ ಸವೆಯುತ್ತೆ ಅಂತ ಎಲ್ಲರಿಗೂ ಗೊತ್ತು. ಕಡಿಮೆಯಾದ್ರೂ ಹಾಳೇ. ಮುಳ್ಳು ಗೆರೆಯೊಳಗೆ ನಿಲ್ಲದೆ ಗೋಡೆಗೆ ಬಡಿದುಕೊಳ್ಳುತ್ತೆ.

ಸರಿ, ಸಂತೆಯಲ್ಲಿ ಸಿಕ್ಕ ಒಂದು ಅಗ್ಗದ ಜರ್ಮನ್ ರೆಕಾರ್ಡ್ ಪ್ರಯೋಗಕ್ಕೆ ಇಟ್ಟುಕೊಂಡು ಮೊದಲಿಂದ ಶುರು. ಆಂಟಿಸ್ಕೇಟಿಂಗ್ ಸೊನ್ನೆಗೆ ತಂದು, ಹಿಂದಿನ ತೂಕ ತಿರುಗಿಸುತ್ತಾ ಕೈ ಗಾಳಿಯಲ್ಲಿ ತಾನಾಗೇ ಅಡ್ಡಡ್ಡ ತೇಲುವ ಹಾಗೆ ಮಾಡಿದೆ. ಆಮೇಲೆ 1.8 ಗ್ರಾಂ ಕೊಟ್ಟು ತಕ್ಕಡಿಯಲ್ಲಿ ನೋಡಿಕೊಂಡೆ.

ಮುಂದಿನದು ಕೋನ. ರೆಕಾರ್ಡ್ ಕೊರೆಯೋ ಯಂತ್ರ ನೇರ ಗೆರೆಯಲ್ಲಿ ಒಳಕ್ಕೆ ಸರಿಯುತ್ತೆ, ನಮ್ಮ ಕೈ ಮಾತ್ರ ಬಾಗಿಲಿನ ಹಾಗೆ ಕಮಾನಿನಲ್ಲಿ ತಿರುಗುತ್ತೆ. ಹಾಗಾಗಿ ಮುಳ್ಳು ಗೆರೆಗೆ ಸರಿಯಾಗಿ ನೇರ ಕೂರೋದು ಎರಡೇ ಜಾಗದಲ್ಲಿ. ನಾನು ಬಳಸಿದ ಅಳತೆಯ ಹಾಳೆಯಲ್ಲಿ ಅವು ನಡುವಿನಿಂದ 66 ಮತ್ತು 120.9 ಮಿ.ಮೀ. ದೂರದಲ್ಲಿದ್ದವು. ಕಾರ್ಟ್ರಿಡ್ಜನ್ನು ಹಿಂದೆ ಮುಂದೆ ಜರುಗಿಸಿ ಎರಡೂ ಕಡೆ ಕೂರಿಸೋಕೇ ಒಂದು ಗಂಟೆ ಹಿಡೀತು. ಜರುಗಿಸಿದ ಮೇಲೆ ಭಾರ ಮತ್ತೆ ನೋಡಬೇಕು, ಮರೀಬೇಡಿ. ಕೊನೆಗೆ ಕೈ ರೆಕಾರ್ಡಿಗೆ ಸಮಾನಾಂತರ ಇದೆಯಾ ನೋಡಿ, ಅದನ್ನು ನಡುವಿಗೆ ಸೆಳೆಯೋ ಎಳೆತಕ್ಕೆ ಎದುರಾಗಿ ಆಂಟಿಸ್ಕೇಟಿಂಗ್ ಇಟ್ಟೆ.

ಇಷ್ಟೆಲ್ಲ ಯಾಕೆ ಅಂದ್ರೆ, ಕೊನೇ ಹಾಡಿಗಾಗಿ. ತಿರುಗೋ ವೇಗ ಒಂದೇ ಆದ್ರೂ ಹೊರಗಿನ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದ್ರೆ, ಒಳಗಿನದು ಬರೀ 20ರ ಆಸುಪಾಸು. ಅಷ್ಟೇ ಹಾಡು ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ತುರುಕಿರುತ್ತೆ. ಕೋನ ತಪ್ಪಿದ್ರೆ ಮೊದಲು ಒರಟಾಗೋದು ಅಲ್ಲೇ.

ಜರ್ಮನ್ ರೆಕಾರ್ಡ್ ಚೆನ್ನಾಗಿ ಓಡಿತು. ಅಪ್ಪನಿಗೆ ಫೋನ್ ಹಚ್ಚಿ, ಸ್ಪೀಕರ್ ಪಕ್ಕ ಇಟ್ಟು ಆ ಹಾಡು ಹಾಕಿದೆ. ಹಾರಲಿಲ್ಲ. ಅಣ್ಣಾವ್ರ ದನಿ ತುಂಬಿಕೊಂಡು ಬಂತು. ಆದ್ರೆ 'ಸ' ಬಂದಲ್ಲೆಲ್ಲ ಸಣ್ಣ ಕರಕರ ಹಾಗೇ ಇತ್ತು. ಮತ್ತೊಮ್ಮೆ ಕೋನ ನೋಡ್ತೀನಿ ಅಂದೆ.

"ನೋಡ್ಬೇಡ ಬಿಡೋ, ಅದು ನಿಂದಲ್ಲ. ನನ್ನ ನಾಲ್ಕಾಣೇದು," ಅಂದ್ರು ಅಪ್ಪ. ಸ್ವಲ್ಪ ತಡೆದು, "ಅವಾಗ ಹಾಡು ಪೂರ್ತಿ ಕೇಳಿದ್ರೆ ಸಾಕಾಗಿತ್ತು," ಅಂದ್ರು.

ಸವೆದ ಗೆರೆಯನ್ನು ಯಾವ ಕಾರ್ಟ್ರಿಡ್ಜೂ ತುಂಬಿಕೊಡಲ್ಲ. ಇನ್ನು ಮುಂದೆ ಸವೆಯದ ಹಾಗೆ ನೋಡಿಕೊಳ್ಳಬಹುದು, ಅಷ್ಟೇ. ನಿಮ್ಮನೆ ಅಟ್ಟದಿಂದ ಪ್ಲೇಯರ್ ಇಳಿಸಿ ಹೊಸ ಕಾರ್ಟ್ರಿಡ್ಜ್ ಹಾಕೋದಾದ್ರೆ, ಅಪ್ಪನ ರೆಕಾರ್ಡ್ ಮುಟ್ಟೋಕೆ ಮುಂಚೆ ತಕ್ಕಡಿ ತಗೊಳ್ಳಿ. ನಾಲ್ಕಾಣೆಯನ್ನು ಮತ್ತೆ ಕವರಿನೊಳಗೇ ಇಟ್ಟಿದೀನಿ.