ಲೋಕಿಕೆರೆಗೂ ನಾಲ್ಕಕ್ಷರ, ಹರಿಹರಕ್ಕೂ ನಾಲ್ಕಕ್ಷರ

ಮೊದಲೇ ಹೇಳಿಬಿಡುತ್ತೇನೆ, ಇದು ಜಗಳದ ಪೋಸ್ಟು. ಮದುವೆ ವಿಡಿಯೋ, ಗೃಹಪ್ರವೇಶದ ವಿಡಿಯೋ, ನಾಮಕರಣದ ವಿಡಿಯೋ... ಯಾವುದನ್ನಾದರೂ ಹಾಕಿ ನೋಡಿ. ದೃಶ್ಯದ ಮೇಲೆ ಹಾರಿಕೊಂಡು ಬರುವ ಹೆಸರು, ಹೂಬಳ್ಳಿ, ಉರಿಯುವ ದೀಪ, ಇವಕ್ಕೆಲ್ಲ ಒಂದು ವೇಗ ಇರುತ್ತದಲ್ಲ, ಅದನ್ನು ಇಟ್ಟವರು ಯಾರು? ವಿಡಿಯೋ ಮಾಡಿದವರಂತೂ ಅಲ್ಲ. ಎಲ್ಲೋ ಕೂತು ಟೆಂಪ್ಲೇಟ್ ಮಾಡಿದವನು ಯಾವುದೋ ಇಂಗ್ಲಿಷ್ ಹೆಸರಿಗೆ ಇಟ್ಟ ವೇಗ ಅದು. ನಮ್ಮವರು ಹೆಸರು ಬದಲಾಯಿಸುತ್ತಾರೆ, ವೇಗ ಮುಟ್ಟುವುದಿಲ್ಲ.

ಲೋಕಿಕೆರೆಯ ನಮ್ಮ ಅಜ್ಜಿ ಕನ್ನಡ ಓದುತ್ತಾರೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು, ತುಟಿ ಅಲ್ಲಾಡಿಸಿಕೊಂಡು. ಚಿಕ್ಕಪ್ಪನ ಮಗಳ ಮದುವೆ ವಿಡಿಯೋದಲ್ಲಿ ಶುರುವಿಗೇ ತೀರಿಕೊಂಡ ಅಜ್ಜನ ಫೋಟೋ, ಕೆಳಗೆ ಹೆಸರು. ಆ ಹೆಸರು ಗಿರಗಿರ ತಿರುಗುತ್ತಾ ಬರಲು ಒಂದು ಸೆಕೆಂಡು, ನಿಂತಿದ್ದು ಒಂದು ಸೆಕೆಂಡು, ಚೂರುಚೂರಾಗಿ ಹಾರಿಹೋಗಲು ಇನ್ನೊಂದು. "ಏನ್ ಬರ್ದಾರೋ ಅಲ್ಲಿ?" ಅಂತ ಅಜ್ಜಿ ಮೂರು ಸಲ ಹಿಂದಕ್ಕೆ ಹಾಕಿಸಿದರು. ಐವತ್ತು ವರ್ಷ ಸಂಸಾರ ಮಾಡಿದ ಗಂಡನ ಹೆಸರು ಸ್ವಾಮಿ ಅದು!

ದಾವಣಗೆರೆಯ ಸ್ಟುಡಿಯೋ ಹುಡುಗನಿಗೆ (ಹೆಸರು ಬೇಡ, ಅವನ ತಪ್ಪು ಕಮ್ಮಿ) ಸ್ವಲ್ಪ ನಿಧಾನ ಮಾಡಪ್ಪಾ ಅಂದೆ. "ಸ್ಪೀಡ್ ಐವತ್ತು ಪರ್ಸೆಂಟ್ ಮಾಡಿದ್ರ ಎಲ್ಲಾ ತೆವಳ್ಕೊಂತ ಬರ್ತತಿ ಸರ್, ಚೆಂದ ಕಾಣಂಗಿಲ್ಲ" ಅಂದ. ಮಾತು ನಿಜ. ಹಾಗಾಗಿ ನನ್ನ ಜಗಳ ಅವನ ಜೊತೆ ಅಲ್ಲ, ಸಾಫ್ಟ್‌ವೇರ್ ಬರೆಯುವ ನಮ್ಮ ಕಸುಬಿನವರ ಜೊತೆ.

ವೇಗವನ್ನು ಪರ್ಸೆಂಟಿನಲ್ಲಿ ಕೇಳುವುದೇ ಮೊದಲ ಅನ್ಯಾಯ. 100 ಅಂದರೆ ಯಾರ ನೂರು? 50 ಅಂತ ಕೊಟ್ಟರೆ ಮೂರು ಸೆಕೆಂಡಿನದು ಆರಾಗುತ್ತದೆ, 75 ಅಂದರೆ ನಾಲ್ಕು. ಮದುವೆ ಸೀಸನ್ನಿನಲ್ಲಿ ಈ ಭಾಗಾಕಾರ ಮಾಡುತ್ತಾ ಕೂರುವವರು ಯಾರು? ಸಾಲದ್ದಕ್ಕೆ ಇಡೀ ಕ್ಲಿಪ್ಪನ್ನು ಎಳೆದರೆ ಬರುವುದು, ನಿಲ್ಲುವುದು, ಹೋಗುವುದು ಮೂರೂ ಹಿಗ್ಗುತ್ತವೆ. ಹಿಗ್ಗಬೇಕಾದ್ದು ನಿಲ್ಲುವ ಹೊತ್ತು ಮಾತ್ರ! ಕ್ಲಿಪ್ಪನ್ನು ಮೂರು ತುಂಡು ಮಾಡಿ, ನಡುವಿನ ತುಂಡಿನ ಒಂದು ಫ್ರೇಮನ್ನು ಫ್ರೀಜ್ ಮಾಡಿ ಐದು ಸೆಕೆಂಡು ಹಿಡಿದಿಟ್ಟರೆ ಮುಗೀತು. ಅಡೋಬಿಯವರು ಪ್ರೀಮಿಯರ್ ಮತ್ತು ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದಕ್ಕೇ ಅನುಕೂಲ ಕೊಟ್ಟರು. ಗ್ರಾಫಿಕ್‌ನ ಶುರು ಮತ್ತು ಕೊನೆ ಹಿಗ್ಗದಂತೆ ಗುರುತು ಹಾಕಿಡಬಹುದು. ಆದರೆ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಓಡಾಡುವ ಹಳೇ ಟೆಂಪ್ಲೇಟುಗಳಲ್ಲಿ ಆ ಗುರುತು ಎಲ್ಲಿರುತ್ತೆ ಹೇಳಿ.

ಹೂಬಳ್ಳಿ, ದೀಪದ ಕಥೆ ಬೇರೆ. ಅವು ಎಷ್ಟೋ ಸಲ ಸೆಕೆಂಡಿಗೆ 30 ಫ್ರೇಮಿನವು, ನಮ್ಮ ಪಾಲ್ ಲೆಕ್ಕ 25. ಸುಮ್ಮನೆ ಮೇಲೆ ಹಾಕಿದರೆ ಆರರಲ್ಲಿ ಒಂದು ಫ್ರೇಮ್ ಕಳಚಿ ದೀಪ ಕುಂಟುತ್ತದೆ. ಅದೇ ಫೈಲು 25ರದು ಅಂತ ಸಾಫ್ಟ್‌ವೇರಿಗೆ ಹೇಳಿಬಿಟ್ಟರೆ ಐದು ಸೆಕೆಂಡಿನದು ಆರಾಗುತ್ತದೆ, ಒಂದು ಫ್ರೇಮೂ ಕಳೆಯದೆ ನಯವಾಗಿ ಉರಿಯುತ್ತದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದಕ್ಕೆ 'ಇಂಟರ್‌ಪ್ರೆಟ್ ಫೂಟೇಜ್' ಅಂತಾರೆ. ನಾಲ್ಕು ಕ್ಲಿಕ್ಕಿನ ಕೆಲಸ.

ಹೊಟ್ಟೆ ಉರಿಯುವುದು ಈಗ ಬರುವ ವಿಷಯಕ್ಕೆ. ಒಂದೊಂದೇ ಅಕ್ಷರ ಮೂಡುವ ಟೈಪ್‌ರೈಟರ್ ಎಫೆಕ್ಟ್ ಇದೆಯಲ್ಲ, ಅದನ್ನು ಸೋಮಾರಿಯಾಗಿ ಬರೆದವನ ಕೋಡು ಅಕ್ಷರ ಎಣಿಸುವುದಿಲ್ಲ, ಯೂನಿಕೋಡ್ ಸಂಕೇತ ಎಣಿಸುತ್ತದೆ. 'ಹರಿಹರ'ಕ್ಕೆ ಐದು ಸಂಕೇತ, 'ಲೋಕಿಕೆರೆ'ಗೆ ಎಂಟು. ನಮ್ಮ ಕಣ್ಣಿಗೆ ಎರಡೂ ನಾಲ್ಕೇ ಅಕ್ಷರ. ಸೆಕೆಂಡಿಗೆ ಹತ್ತು ಅಂತ ವೇಗ ಇಟ್ಟರೆ ಹರಿಹರ ಅರ್ಧ ಸೆಕೆಂಡಿನಲ್ಲಿ ಮೂಡುತ್ತದೆ, ಲೋಕಿಕೆರೆ 0.8 ಸೆಕೆಂಡಿನವರೆಗೆ ಎಳೆಯುತ್ತದೆ. ಟೈಟಲ್ಲಿನ ಒಟ್ಟು ಅವಧಿ ಅಷ್ಟೇ ಇದ್ದರೆ ಓದಲು ಸಿಗುವ ಹೊತ್ತಿಗೆ ಕತ್ತರಿ ಬಿತ್ತು. ಇನ್ನು 'ಶ್ರೀ' ಹೇಗೆ ಬರುತ್ತದೆ ಗೊತ್ತಾ? ಮೊದಲು ಶ, ಆಮೇಲೆ ಶ್, ಆಮೇಲೆ ಶ್ರ, ಕೊನೆಗೆ ಶ್ರೀ. ಮಂಗಳಕಾರ್ಯದ ಮೊದಲ ಅಕ್ಷರಕ್ಕೇ ತೊದಲು :-)

ಇದು ಬರೀ ಸೋಮಾರಿಗಳ ತಪ್ಪೂ ಅಲ್ಲ. ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಹಿಡಿಯುವ ನಿಯಮವನ್ನು ಯೂನಿಕೋಡ್ 2023ರಲ್ಲಿ, 15.1ನೇ ಆವೃತ್ತಿಯಲ್ಲಿ ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಲ್ಲ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಆ ನಿಯಮವನ್ನು ಶಿಸ್ತಾಗಿ ಪಾಲಿಸಿದ ಪ್ರೋಗ್ರಾಮಿಗೂ ನಮ್ಮ 'ಶ್ರೀ' ಎರಡು ಘಟಕ. ಬ್ಲಾಗಿನಲ್ಲಿ ಒಂದು ಒತ್ತು ಒಡೆದು ಕಂಡರೆ ಊರೆಲ್ಲ ಕೂಗಾಡುವ ನಾವು ಇದಕ್ಕೆ ಎಷ್ಟು ಜನ ಬಾಯಿಬಿಟ್ಟೆವು?

"ಮದುವೆ ವಿಡಿಯೋದಲ್ಲಿ ಹೆಸರು ಯಾರು ಓದ್ತಾರೆ ಬಿಡ್ರೀ, ಚೆಂದ ಕಂಡ್ರೆ ಸಾಕು" ಅನ್ನುವವರಿದ್ದಾರೆ. ಓದಲಿಕ್ಕಲ್ಲದಿದ್ದರೆ ಬರೆಯುವುದು ಯಾಕೆ, ಹೂಬಳ್ಳಿಯೊಂದೇ ಸಾಕಿತ್ತಲ್ಲ? ಪಟಪಟ ಓದುವವರಿಗೆ ಎರಡು ಸೆಕೆಂಡು ಹೆಚ್ಚು ನಿಂತರೆ ನಷ್ಟವಿಲ್ಲ. ಕೂಡಿಸಿ ಓದುವವರಿಗೆ ಎರಡು ಸೆಕೆಂಡು ಕಮ್ಮಿಯಾದರೆ ಆ ಹೆಸರು ಇದ್ದೂ ಇಲ್ಲ. ನನ್ನ ಅಳತೆ ಇಷ್ಟೇ: ಹೆಸರನ್ನು ಬಾಯಿಬಿಟ್ಟು, ನಿಧಾನವಾಗಿ, ಎರಡು ಸಲ ಓದಿ. ಅಷ್ಟು ಹೊತ್ತು ಅದು ಅಲ್ಲಾಡದೆ ನಿಲ್ಲಬೇಕು. ಸ್ಲೈಡರಿನಲ್ಲಿ ಪರ್ಸೆಂಟ್ ಬದಲು 'ಎಷ್ಟು ಸೆಕೆಂಡು ನಿಲ್ಲಲಿ?' ಅಂತ ಕೇಳಿದರೆ ಆ ಸ್ಟುಡಿಯೋ ಹುಡುಗ ಸರಿಯಾಗೇ ಉತ್ತರ ಕೊಡುತ್ತಾನೆ.

ನಿಮ್ಮಲ್ಲಿ ಇಂಥ ಎಫೆಕ್ಟು, ಪ್ಲಗಿನ್ನು ಬರೆಯುವವರು ಇದ್ದೀರಿ, ನನಗೆ ಗೊತ್ತು. ಮುಂದಿನ ಸಲ ಪರೀಕ್ಷೆಗೆ 'ಹಲೋ ವರ್ಲ್ಡ್' ಬಿಟ್ಟು 'ಶ್ರೀಮತಿ' ಅಂತ ಹಾಕಿ ನೋಡಿ.