ತುಂಬಿದಂತೆಯೇ ಮರಳುವ ಬಾಟಲಿ
ಬೆಳಿಗ್ಗೆ ಎಂಟರ ಬಸ್ ಹಿಡಿಯುವ ನಮ್ಮ ಪಕ್ಕದ ಮನೆ ಟೀಚರ್ ಚೀಲದಲ್ಲಿ ಒಂದು ಲೀಟರ್ ನೀರಿನ ಬಾಟಲಿ ಇರುತ್ತದೆ. ಸಂಜೆ ಅದು ಮುಕ್ಕಾಲು ತುಂಬಿಯೇ ಮರಳುತ್ತದೆ. ಬಾಯಾರುವುದಿಲ್ಲವೆಂದಲ್ಲ, ಕುಡಿದರೆ ಹೋಗುವುದೆಲ್ಲಿಗೆ? ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲ, ಬಸ್ ನಿಲ್ದಾಣದ್ದರ ಮಾತೇ ಬೇಡ. ಎಷ್ಟೋ ಸಲ ಉರಿಮೂತ್ರಕ್ಕೆ ದಾರಿಯಾಗುವುದು ಈ ತಡೆದುಕೊಳ್ಳುವಿಕೆಯೇ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ. ಕರುಳಿನ ಇ-ಕೋಲಿ ಬ್ಯಾಕ್ಟೀರಿಯಾಕ್ಕೆ ಅದೊಂದು ದೂರವೇ ಅಲ್ಲ. ಆಗಾಗ ಮೂತ್ರ ಹರಿದರೆ ಅವು ಬೇರೂರುವ ಮೊದಲೇ ಕೊಚ್ಚಿಹೋಗುತ್ತವೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೀರು ಕಡಿಮೆ ಕುಡಿಯುವ, ಪದೇ ಪದೇ ಸೋಂಕಾಗುತ್ತಿದ್ದ 140 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿಸಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕಾಯಿತು, ಉಳಿದವರಿಗೆ 3.2 ಸಲ. ಅಜ್ಜಿಯ ಬಾರ್ಲಿ ನೀರು, ಎಳನೀರು, ನೀರುಮಜ್ಜಿಗೆಯ ಗುಟ್ಟೂ ಬಹುಶಃ ಅದರೊಳಗಿನ ನೀರೇ. (ಕಿಡ್ನಿ, ಹೃದಯದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಕೊಳ್ಳಲಿ.) ಕ್ರ್ಯಾನ್‌ಬೆರಿ ಕೆಲವರಿಗೆ ಮರುಕಳಿಸದಂತೆ ತಡೆಯುತ್ತದೆ, ಬಂದದ್ದನ್ನು ಓಡಿಸುವುದಿಲ್ಲ, ಸಕ್ಕರೆ ಸುರಿದ ಡಬ್ಬಿ ಜ್ಯೂಸಿಗೆ ದುಡ್ಡು ಸುರಿಯಬೇಡಿ. ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲ ಇಟ್ಟರೆ ನೋವು ಇಳಿಯುತ್ತದೆ, ಸೋಂಕು ಇಳಿಯದು. ಚಳಿಜ್ವರ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಕಂಡರೆ, ಗರ್ಭಿಣಿಯಾಗಿದ್ದರಂತೂ, ಮನೆಮದ್ದು ಬದಿಗಿಟ್ಟು ಅದೇ ದಿನ ವೈದ್ಯರಲ್ಲಿಗೆ ಹೋಗಿ. ಹೋದ ಸಲ ಉಳಿದ ಆಂಟಿಬಯೋಟಿಕ್ ನುಂಗಬೇಡಿ. ಶಾಲಾ ಸಮಿತಿಯವರೇ, ಆ ಬಾಗಿಲಿಗೆ ಮೊದಲೊಂದು ಚಿಲಕ ಹಾಕಿಸಿ.