ವಂಡರ್‌ಲಾಗೆ ಹೊರಡುವ ಮುನ್ನ

ರಜೆ ಬಂದೊಡನೆ ಮಕ್ಕಳು ವಂಡರ್‌ಲಾಗೆ ಹಟ ಹಿಡಿಯುವುದು ಸಹಜ. 2005ರಲ್ಲಿ ಬಿಡದಿಯ ಬಳಿ ಆರಂಭವಾದ ಈ ವಿಹಾರಧಾಮಕ್ಕೆ ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ನೇರ ದಾರಿ. ರಾಜಾಜಿನಗರ, ಬಸವೇಶ್ವರನಗರದವರು ಬೆಳಿಗ್ಗೆ ಬೇಗನೆ ಹೊರಡುವುದು ಲೇಸು. ಹಲವು ಆಟಗಳಿಗೆ ಎತ್ತರದ ಮಿತಿಯುಂಟು. ಚಿಕ್ಕವರನ್ನು ಮನೆಯಲ್ಲೇ ಅಳೆದು ವಿಷಯ ತಿಳಿಸಿರಿ. ಸಾಲಿನಲ್ಲಿ ನಿಂತು ನಿಂತು ಕೊನೆಗೆ ಹಿಂದಿರುಗಬೇಕಾದ ಮಗುವನ್ನು ಸಂತೈಸುವುದು ಸುಲಭವಲ್ಲ. ನೀರಾಟಕ್ಕೆ ಹತ್ತಿಯ ಬಟ್ಟೆ ಸಲ್ಲದು, ನೈಲಾನ್ ಉಡುಪು ಬೇಕು.

ನಮ್ಮ ಮನೆಗಳಿಗೆ ಇನ್ನೊಂದು ಮಾತಿದೆ. ವೇಗದ ಆಟಗಳಲ್ಲಿ ಕೊರಳಿನಿಂದ ತೂಗುವ ವಸ್ತುಗಳನ್ನು ತೆಗೆದಿಡಲು ಹೇಳುವುದುಂಟು. ಇಷ್ಟಲಿಂಗವನ್ನು ಬೀಗದ ಪೆಟ್ಟಿಗೆಯಲ್ಲಿರಿಸಲು ಹಿರಿಯರ ಮನಸ್ಸು ಒಪ್ಪದು. ಅವರನ್ನು ಬಲವಂತಪಡಿಸದಿರಿ, ನೆರಳಿನಲ್ಲಿ ಅವರೊಡನೆ ಸರದಿಯಂತೆ ಒಬ್ಬರು ಕುಳಿತಿರಲಿ. ಲಿಂಗಧಾರಣೆಯಾದ ಮಕ್ಕಳೊಡನೆ ಈ ವಿಷಯವನ್ನು ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿರಿ.